ಟೇಪರ್ ಮಾಡಿಸಿದ ವೀರೇಶ

ಡಾಕ್ಟರು ಹೇಳಿದ್ದು ಒಂದೇ ಮಾತು. "ಒಂದು ವಾರ ಆದ್ಮೇಲೆ ಟೇಪರ್ ಮಾಡ್ಕೊಂಡು ಹೋಗ್ರಿ." ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಗುಮಾಸ್ತ ವೀರೇಶನಿಗೆ ಶೇಂಗಾ ಸಿಪ್ಪೆಯ ಧೂಳಿನಿಂದ ದಮ್ಮು ಹತ್ತಿಕೊಂಡಿತ್ತು. ದಿನಕ್ಕೆ ಮೂರು ಬಿಳಿ ಮಾತ್ರೆ ನುಂಗಿದ ಮೇಲೆ ಉಸಿರು ಸಲೀಸಾಯಿತು. ಇನ್ನು ಉಳಿದದ್ದು ಟೇಪರ್. ಅವನಿಗೆ ಗೊತ್ತಿದ್ದ ಟೇಪರ್ ಪ್ಯಾಂಟಿನದು ಮಾತ್ರ. ಅಗಲ ಪ್ಯಾಂಟಿನೊಳಗೆ ಧೂಳು ಸೇರುತ್ತದೆಂದು ಡಾಕ್ಟರು ಹೇಳಿರಬೇಕು ಅಂದುಕೊಂಡು, ಇದ್ದ ಮೂರು ಪ್ಯಾಂಟನ್ನೂ ದರ್ಜಿ ಪಾಲಣ್ಣನಿಗೆ ಕೊಟ್ಟ. ಪಾಲಣ್ಣ ತೊಡೆಯಿಂದ ಹಿಮ್ಮಡಿವರೆಗೆ ಬಿಗಿಯಾಗಿ ಹೊಲಿದು, ಮಿಕ್ಕ ಬಟ್ಟೆ ಕತ್ತರಿಸಿ ಬಿಸಾಡಿದ. ವೀರೇಶ ಮಾತ್ರ ಡಾಕ್ಟರು ಬರೆದುಕೊಟ್ಟ ಅದೇ ಹಳೇ ಚೀಟಿ ತೋರಿಸಿ ಮಾತ್ರೆ ತಂದು ದಿನಕ್ಕೆ ಮೂರು ನುಂಗುತ್ತಲೇ ಇದ್ದ.

ಎರಡು ತಿಂಗಳಲ್ಲಿ ಮುಖ ಉಬ್ಬಿದ ಪೂರಿಯಂತಾಯಿತು. ಹೊಟ್ಟೆ ಮುಂದೆ ಬಂತು. ಎರಡು ಪ್ಯಾಂಟು ಮಿಲ್ಲಿನಲ್ಲೇ ಹರಿದವು. ಮೊಳಕಾಲ್ಮೂರಿಗೆ ಹೆಣ್ಣು ನೋಡಲು ಹೊರಟ ಬೆಳಿಗ್ಗೆ, ಉಳಿದ ಒಂದೇ ಒಂದು ಪ್ಯಾಂಟು ತೊಡೆಯ ಮೇಲಕ್ಕೆ ಹತ್ತಲೊಲ್ಲದು. ಅವ್ವ ಒಂದು ಕಡೆ, ಸೋದರಮಾವ ಜಯಣ್ಣ ಇನ್ನೊಂದು ಕಡೆ ಹಿಡಿದು ದಿಂಬಿಗೆ ಕವರು ಹಾಕುವಂತೆ ಜಗ್ಗಿದರು.

"ಉಸಿರು ಒಳಗೆ ಎಳ್ಕಳಲೇ," ಅಂದ ಜಯಣ್ಣ.

"ಉಸಿರಿನಿಂದ್ಲೇ ಇಷ್ಟೆಲ್ಲ ಆಗಿರೋದು ಮಾವ. ಪಂಚೆ ಉಟ್ಕಂಡು ಬರ್ತೀನಿ."

"ಹುಡುಗಿ ಓದಿದಾಳೆ. ಪಂಚೆ ನೋಡಿ ಮುದುಕ ಅಂತಾಳೆ, ಸುಮ್ನಿರು."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ವೀರೇಶ ಮೊಳಕಾಲ್ಮೂರಿನವರೆಗೆ ನಿಂತೇ ಹೋದ.

ಹುಡುಗಿಯ ತಂದೆ, ಸೀರೆ ವ್ಯಾಪಾರಿ ಏಕಾಂತಪ್ಪ, ಚಾಪೆ ಹಾಸಿ "ಕುಂದರ್ರಿ" ಅಂದರು. ವೀರೇಶ ನಿಂತೇ ಇದ್ದ. ಜಯಣ್ಣ ಅವನ ಹೆಗಲು ಹಿಡಿದು ಒತ್ತಿದ. ಪರ್ರೆಂದು ಸದ್ದಾಯಿತು. ಅದೇ ಹೊತ್ತಿಗೆ ಹುಡುಗಿ ಮಂಗಳಗೌರಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದಳು. ಭೂಮಿ ಬಾಯಿಬಿಟ್ಟರೆ ಒಳಗೆ ಇಳಿದುಬಿಡಲು ವೀರೇಶ ಸಿದ್ಧನಿದ್ದ. ಇನ್ನು ಈ ಜನ್ಮದಲ್ಲಿ ತನಗೆ ಮದುವೆಯಿಲ್ಲ.

ಏಕಾಂತಪ್ಪ ಒಳಗಿಂದ ತಮ್ಮದೊಂದು ಪಂಚೆ ತಂದುಕೊಟ್ಟರು. "ಪ್ಯಾಂಟ್ ಹೋದ್ರೆ ಹೋತು ಬಿಡ್ರಿ. ಫೋಟೋದಾಗೆ ನೀವು ಕಡ್ಡಿ ಇದ್ದಂಗಿದ್ರಿ. ಏನೋ ಕಾಯಿಲೆ ಇರ್ಬೇಕು ಅಂತ ನಮ್ಮೋರೆಲ್ಲ ಅಂದಿದ್ರು. ನೋಡಿದ್ರೆ ಮೈಕೈ ತುಂಬ್ಕಂಡು ಚೆಂದಾಗಿದ್ದೀರ. ನಮಗೆ ಒಪ್ಪಿಗೆ ಐತೆ."

ವೀರೇಶ ಪಂಚೆ ಉಟ್ಟು, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಅಂಗಿಯ ಜೇಬಿನಿಂದ ಮಧ್ಯಾಹ್ನದ ಮಾತ್ರೆ ತೆಗೆದ.

ಮಂಗಳಗೌರಿ ಎರಡು ವರ್ಷ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು. "ಇದನ್ನ ಎಷ್ಟು ದಿನದಿಂದ ತಗಂತೀರ?" ಎಂದಳು.

"ಎರಡು ತಿಂಗಳಾತು. ಡಾಕ್ಟ್ರು ಹೇಳ್ದಂಗೆ ಟೇಪರ್ರೂ ಮಾಡಿಸಿದೀನಿ," ಎಂದು ವೀರೇಶ ಪಕ್ಕದಲ್ಲಿ ಮಡಿಸಿಟ್ಟಿದ್ದ ಹರಿದ ಪ್ಯಾಂಟನ್ನು ತೋರಿಸಿದ.

ಅವಳು ನಗಲಿಲ್ಲ. "ಟೇಪರ್ ಮಾಡೋದು ಅಂದ್ರೆ ಮಾತ್ರೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬರೋದು ರೀ. ಮೂರಿದ್ದದ್ದು ಎರಡು, ಆಮೇಲೆ ಒಂದು, ಆಮೇಲೆ ಅರ್ಧ. ನಾಳೇನೇ ಡಾಕ್ಟ್ರನ್ನ ಕಾಣ್ರಿ. ನಿಮ್ಮ ಮುಖ ತುಂಬ್ಕಂಡಿಲ್ಲ, ಬಾತ್ಕಂಡೈತೆ. ಮಾತ್ರೆ ಇಳಿದಂಗೆ ಇದೂ ಇಳಿತೈತೆ."

"ಇಳಿದ ಮೇಲೆ?" ಏಕಾಂತಪ್ಪ ಕೇಳಿದರು.

"ಫೋಟೋದಾಗೆ ಇದ್ದಂಗೆ ಆಗ್ತಾರಪ್ಪಾಜಿ."

ಏಕಾಂತಪ್ಪ ಗೋಡೆಯ ಗಡಿಯಾರ ನೋಡಿ, ಬಸ್ಸಿನ ಹೊತ್ತಾಯಿತು ಅಂದರು. ಆದರೂ ಮರ್ಯಾದಸ್ಥರು. ಬಸ್‌ಸ್ಟ್ಯಾಂಡಿನವರೆಗೂ ಬಂದು, ಮಾವ-ಅಳಿಯ ಇಬ್ಬರನ್ನೂ ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ಬಂದು ನಿಂತರು.

"ಆ ಪಂಚೆ ಕೊಡೋಕೆ ಅಂತ ನೀವು ಬರೋದೇನೂ ಬ್ಯಾಡ್ರಿ," ಅಂದರು. "ಇದೇ ಕಂಡಕ್ಟ್ರ ಕೈಗೆ ಕೊಟ್ಟು ಕಳ್ಸಿ."