ನೆಲಕ್ಕಿಳಿಸಿ ಬಿಗಿಯಬೇಕಾದ ಬೋಲ್ಟು

ದೇವರು ನನಗೆ ಅದು ಕೊಡಲಿಲ್ಲ, ಇದು ಕೊಡಲಿಲ್ಲ ಎಂದು ಗೊಣಗಿದವಳಲ್ಲ ನಾನು. ಹೇಳಿದ ದಿನ ಬಂದ ನಳದ ನೀರಿಗೂ, ಹರಿಯದೆ ಹಂಚಿಗೆ ಬಿದ್ದ ರೊಟ್ಟಿಗೂ ಕೈ ಮುಗಿಯುತ್ತೇನೆ. ಆದರೆ ನೆಗೆಣ್ಣಿ ಗಿರಿಜಾಳಿಗೆ ಏನೇನು ಕೊಟ್ಟಿದ್ದಾನೆ ಎಂಬುದರ ಮೇಲೂ ನನಗೊಂದು ಕಣ್ಣಿದೆ. ಅದನ್ನು ಮಾತ್ರ ದೇವರ ಮುಂದೆ ಹೇಳುವುದಿಲ್ಲ.

ಮೊನ್ನೆ ರೊಟ್ಟಿ ಬಡಿಯುತ್ತಿದ್ದಾಗ ಆಕೆಯೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅಕ್ಕಾ, ಜೀಪು ಮತ್ತ ಚೀರಾಕ ಹತ್ತೇತಿ. ಜೋರ ಬಿಟ್ರ ಗಡಗಡ ನಡಗತೈತಿ. ಗದಗಿನಾಗ ತೋರಿಸಿದ್ರ, ಹಾಕಿದ್ದೆಲ್ಲಾ ಬಿಚ್ಚಿ ಮೊದಲಿನಂಗ ಮಾಡ್ರಿ ಅಂದ್ರಂತ." ನಾನು ಬಾಯಲ್ಲಿ "ಅಯ್ಯ ಶಿವನ!" ಎಂದೆ. ಒಳಗೆ ಮಾತ್ರ ರೊಟ್ಟಿಗಿಂತ ಮೊದಲು ನಾನೇ ಉಬ್ಬಿದೆ.

ಅಡರಕಟ್ಟಿಯ ನಮ್ಮ ಹೊಲದ ದಾರಿ ಎರೆಮಣ್ಣಿನದು. ಮಳೆಯಾದರೆ ಜೀಪಿನ ಹೊಟ್ಟೆ ಕೆಸರಿಗೆ ತಾಗುತ್ತದೆಂದು ಗಿರಿಜಾಳ ಗಂಡ, ನನ್ನ ಮೈದುನ, ಹೋದ ತಿಂಗಳು ಅದರ ಸ್ಪ್ರಿಂಗು ಬದಲಿಸಿ ಮೂರು ಇಂಚು ಎತ್ತರ ಮಾಡಿಸಿದ. ಅದರಲ್ಲಿ ಕುಳಿತ ಗಿರಿಜಾಳ ಗದ್ದವೂ ಮೂರು ಇಂಚು ಏರಿದಂತೆ ನನಗೆ ಕಂಡಿತು. ಅದನ್ನಾದರೂ ಸಹಿಸುತ್ತಿದ್ದೆ. ಸೋಮವಾರ ಸಂಜೆ ಅತ್ತೆಯ ಕೈ ಹಿಡಿದು ಸೋಮೇಶ್ವರನ ಗುಡಿಗೆ ನಡೆಸಿಕೊಂಡು ಹೋಗುವುದು ಮದುವೆಯಾದಾಗಿನಿಂದ ನನ್ನ ಪಾಲು. ಮನೆಯಲ್ಲಿ ಆಡದ ಮಾತನ್ನೆಲ್ಲ ಅತ್ತೆ ಆ ದಾರಿಯಲ್ಲಿ ನನ್ನ ಹತ್ತಿರ ಆಡುತ್ತಿದ್ದರು. ಜೀಪು ಎತ್ತರವಾದದ್ದೇ, ಅವರು ಅದರಲ್ಲಿ ಹೊರಟರು. ಹತ್ತಲು ಮೆಟ್ಟಿಲಿಗೆಂದು, ನಾನು ಕುಳಿತು ಹಿಟ್ಟು ನಾದುವ ಮಣೆಯನ್ನೇ ಒಯ್ದರು. "ನೀನೂ ಬಾ ಅಕ್ಕಾ" ಎಂದು ಗಿರಿಜಾ ಒಮ್ಮೆ ಕರೆದಳು. ಎರಡನೇ ಸಲ ಕರೆಯಲಿ ಎಂದು ನಾನು ಕಾದೆ. ಹೀಗೆ ವಾರವಾರ ನನ್ನ ಮಣೆ ಗುಡಿಯವರೆಗೆ ಹೋಗಿ ಬರುತ್ತಿತ್ತು, ನಾನು ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ.

ಈಗ ನಿಜ ಹೇಳಬೇಕು. ಸ್ಪ್ರಿಂಗು ಹಾಕಿದ ಬೆಟಗೇರಿಯ ಮೇಸ್ತ್ರಿ ಅಂದು ನಮ್ಮ ಅಂಗಳದಲ್ಲಿ ಚಹಾ ಕುಡಿದು ಹೊರಡುವಾಗ ಹೇಳಿದ್ದ: "ಅಕ್ಕಾರ, ಜೀಪ ಜ್ಯಾಕಿನ ಮ್ಯಾಲೆ ಎತ್ತಿ, ಗಾಲಿ ಗಾಳ್ಯಾಗ ಇದ್ದಾಗ ಬೋಲ್ಟ್ ಬಿಗದೀನಿ. ನಾಕು ದಿನ ಓಡಿಸಿ ಗಾಡಿ ತಗೊಂಡ ಬರ್ರಿ ಅಂತ ಅವರಿಗೆ ಹೇಳ್ರಿ. ನೆಲದ ಮ್ಯಾಲೆ ಭಾರ ಬಿಟ್ಟು, ಸಡ್ಲ ಮಾಡಿ, ಮತ್ತ ಬಿಗೀಬೇಕು. ಇಲ್ಲಂದ್ರ ರಬ್ಬರ್ ತಿರಚಿಕೊಂಡು ಕಿರಕಿರಿ ಮಾಡತೈತಿ." ಮೊದಲ ದಿನ ನಾನು ಖರೆ ಮರೆತೆ. ಸೋಮವಾರ ನೆನಪಾಯಿತು. ಅಷ್ಟರಲ್ಲಿ ಅತ್ತೆ ನನ್ನ ಮಣೆಯ ಮೇಲೆ ಕಾಲಿಟ್ಟಿದ್ದರು.

ಗಿರಿಜಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎತ್ತರಾ ಮಾಡಿಸ್ರಿ ಅಂದಾಕಿ ನೀನ ಅಂತ ನಮ್ಮನಿಯವರು ಮೂರು ದಿನದಿಂದ ಬೈಯಾಕ ಹತ್ಯಾರ. ಅತ್ತಿಯವರೂ ಒಲ್ಲೆ ಅಂದ್ರು. ಎಲುಬೆಲ್ಲಾ ಅಲಗ್ಯಾಡತಾವ, ನಾ ನೀಲವ್ವನ ಜೋಡಿ ನಡಕೊಂಡ ಹೊಕ್ಕೀನಿ ಅಂದ್ರು."

ನೀಲವ್ವ ಎಂದರೆ ನಾನೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸೋಮವಾರ ಮತ್ತೆ ನನ್ನದು. ಹಂಚಿನ ಮೇಲೆ ರೊಟ್ಟಿ ಕರಕಾಯಿತು, ತೆಗೆದು ಬದಿಗಿಟ್ಟೆ. ಆಕೆಯ ಕೆಂಪಾದ ಮೂಗನ್ನು ಮತ್ತೊಮ್ಮೆ ನೋಡಿ, ಮೇಸ್ತ್ರಿಯ ಮಾತನ್ನು ಹೇಳಿಬಿಟ್ಟೆ.

"ಇಷ್ಟು ದಿನ ಎಲ್ಲಿಟ್ಟಿದ್ದಿ ಅಕ್ಕಾ ಇದನ್ನ?"

"ಮರತಿದ್ನೆವ್ವಾ." ದೇವರ ಜಗಲಿಯ ಕಡೆ ನಾನು ನೋಡಲಿಲ್ಲ.

ಮೇಸ್ತ್ರಿ ಹೇಳಿದಂತೆಯೇ ಮಾಡಿದ. ಜೀಪು ಬಾಯಿ ಮುಚ್ಚಿತು, ನಡುಕವೂ ನಿಂತಿತು. ಸೋಮವಾರ ಅದು ಬಾಗಿಲಿಗೆ ಬಂದಾಗ ಗಿರಿಜಾ ಎರಡನೇ ಸಲ ಕರೆದಳು. ಅತ್ತೆ ಮೇಲಿನಿಂದ ಕೈ ಚಾಚಿದರು. "ಹತ್ತ ನೀಲವ್ವಾ. ನಿನ್ನ ಮಣಿ ಮ್ಯಾಲೆ ನೀನ ಕಾಲಿಡಾಕ ಏನ ನಾಚಿಕಿ?"

ಹತ್ತಿ ಕುಳಿತೆ. ದಾರಿಯುದ್ದಕ್ಕೂ ಜೀಪು ಒಂದು ಸದ್ದೂ ಮಾಡಲಿಲ್ಲ. ಅತ್ತೆ ಮಾತಾಡುತ್ತಲೇ ಇದ್ದರು, ಗಿರಿಜಾಳ ಹತ್ತಿರ. ಆದರೆ ಹತ್ತುವಾಗ ಹಿಡಿದ ನನ್ನ ಕೈಯನ್ನು ಗುಡಿ ಬರುವವರೆಗೂ ಬಿಟ್ಟಿರಲಿಲ್ಲ. ಅದಕ್ಕೂ ದೇವರಿಗೆ ಕೈ ಮುಗಿದೆ. ಮುಗಿಯುವಾಗ, ಅತ್ತೆ ಇನ್ನೊಂದು ಕೈಯಲ್ಲಿ ಗಿರಿಜಾಳ ಕೈಯನ್ನೂ ಹಿಡಿದಿದ್ದಾರೆಯೇ ಎಂದು ಓರೆಗಣ್ಣಲ್ಲಿ ನೋಡಿದೆ. ನನ್ನ ಬೋಲ್ಟನ್ನೂ ಯಾರೋ ಗಾಳಿಯಲ್ಲೇ ಬಿಗಿದಿರಬೇಕು.

ಮನೆಗೆ ಬಂದವಳೇ ಮಣೆಯನ್ನು ಇಳಿಸಿಕೊಂಡು, ಕೆಸರು ತೊಳೆದು, ಅದರ ಮೇಲೆ ಕುಳಿತು ಹಿಟ್ಟು ನಾದತೊಡಗಿದೆ.