ಎಡಗಡೆಯ ಒಂದು ಗೇಣು

ಇವತ್ತು ಮಾಡಿದ ಕೆಲಸಗಳು: ನಸುಕಿನಲ್ಲೇ ನಳ ಬಂದಿತ್ತು, ಕೊಡ ಬಕೆಟ್ಟು ಎಲ್ಲ ತುಂಬಿಸಿದೆ. ರೊಟ್ಟಿ ಬಡಿದೆ. ಪುಂಡಿಪಲ್ಯ ಕುದಿಸಿದೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಶೇಂಗಾ ಹುರಿದು ಸಿಪ್ಪೆ ಕೇರಿ ಚಟ್ನಿ ಕುಟ್ಟಿದೆ. ಮಧ್ಯಾಹ್ನ ಮಸ್ಕಿಯಿಂದ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ, ಗಟ್ಟಿಮುಟ್ಟಾಗಿ ಬದುಕಿದ್ದ ಹೆಂಗಸೊಬ್ಬಳನ್ನು ತುಂಬಿದ ಸಭೆಯಲ್ಲಿ ಸಾಯಿಸಿ ಬಂದೆ.

ಮೊದಲಿನ ಕೆಲಸಗಳಿಗೆ ವಿವರಣೆ ಬೇಕಾಗಿಲ್ಲ. ಕೊನೆಯದಕ್ಕೆ ಬೇಕು.

ಸಿಂಧನೂರಿನಲ್ಲಿ ತಿಂಗಳಿಗೊಮ್ಮೆ ಒಳ್ಳೆಯ ಸಿನಿಮಾ ತೋರಿಸಿ, ಆಮೇಲೆ ಅದರ ಬಗ್ಗೆ ಮಾತಾಡುವ ಒಂದು ಬಳಗವಿದೆ. ನಾನೂ ಪಕ್ಕದ ಮನೆಯ ಗಿರಿಜಕ್ಕನೂ ಹೋಗುತ್ತೇವೆ. ಓಣಿಯ ಉಳಿದ ಹೆಂಗಸರಿಗೂ ಆಸೆಯಿದೆ. ಆದರೆ ಸಿನಿಮಾ ಮುಗಿಸಿ ಮಸ್ಕಿ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತದೆ, ಗಂಡಂದಿರ ಸಿಟ್ಟು ಏರಿರುತ್ತದೆ. ಹಾಗಾಗಿ ಬಳಗ ನಡೆಸುವ ಅಮರೇಶ ಸರ್ ಅವರಿಗೆ "ನಮ್ಮೂರಾಗೂ ತೋರಿಸ್ರೀ ಸರ್" ಎಂದು ಗಂಟುಬಿದ್ದಿದ್ದೆವು.

"ಮಸ್ಕಿಯಾಗ ಅಷ್ಟು ಆಸ್ಥೆಯಿಂದ ಯಾರು ನೋಡ್ತಾರ ಅಂತ ನಮ್ಮ ಬಳಗದಾಗ ಕೆಲವರು ತಕರಾರು ಮಾಡಾಕತ್ತಾರ್ರೀ. ನೀವು ಒಂದು ದೃಶ್ಯದ ಮ್ಯಾಲೆ ಮಾತಾಡ್ರಿ. ಅವರ ಬಾಯಿ ಮುಚ್ಚಲಿ. ಮುಂದಿನ ತಿಂಗಳಿಂದ ನಿಮ್ಮೂರಿಗೆ ಬರ್ತೀವಿ" ಎಂದರು. ಒಂದು ಸಿನಿಮಾದ ತುಣುಕನ್ನು ನನ್ನ ಮೊಬೈಲಿಗೆ ಕಳಿಸಿ ಮತ್ತೊಂದು ಮಾತು ಸೇರಿಸಿದರು: "ಚೌಕಟ್ಟಿನೊಳಗ ಏನೈತಿ, ಏನಿಲ್ಲ, ಅದರ ಮ್ಯಾಲೆ ಕಣ್ಣಿಡ್ರಿ. ಅರ್ಥ ಅಲ್ಲೇ ಇರ್ತೈತಿ."

ಓಣಿಯ ಮಾನ ನನ್ನ ಕೈಗೆ ಬಂತು!

ಮೊಬೈಲಿನ ಪುಟ್ಟ ಪರದೆಯಲ್ಲಿ ಕಲೆ ಹಿಡಿಸುವುದಿಲ್ಲವೆಂದು ಅದರಲ್ಲಿ ನೋಡಲೇ ಇಲ್ಲ. ಮನೆಯವರಿಗೆ ಹೇಳಿ ಪೆನ್ ಡ್ರೈವಿಗೆ ಹಾಕಿಸಿ ಟಿವಿಗೇ ಹಚ್ಚಿದೆ. ಟಿವಿಯ ಬಗ್ಗೆ ಇಲ್ಲೊಂದು ಮಾತು. ಅದು ಇರುವುದು ಲಿಂಗಸುಗೂರಿನ ನನ್ನ ತವರಿನವರು ಮದುವೆಯಲ್ಲಿ ಕೊಟ್ಟ ಸಾಗವಾನಿ ಶೋಕೇಸಿನಲ್ಲಿ. ಶೋಕೇಸು ಹಳೆಯ ಡಬ್ಬಿ ಟಿವಿಯ ಅಳತೆಯದು. ಈಗಿನ ಟಿವಿ ಅಗಲ. ಓರೆಯಾಗಿ ತುರುಕಿದ್ದೇವೆ, ಎಡಗಡೆಯ ಒಂದು ಗೇಣು ಹಲಗೆಯ ಹಿಂದೆ ಹೋಗಿದೆ. "ಆ ಹಲಗಿ ಕೊಯ್ಸೋಣು" ಎಂದು ಮನೆಯವರು ಅಂದಾಗಲೆಲ್ಲ, "ನಮ್ಮಪ್ಪ ಕೊಟ್ಟದ್ದಕ್ಕ ಗರಗಸ ಹಚ್ಚಿದ್ರ ನೋಡ್ರಿ ಮತ್ತ" ಎಂದಿದ್ದೇನೆ. ನೋಡಿ ನೋಡಿ ರೂಢಿಯಾಗಿ, ಹಲಗೆ ಎಲ್ಲಿ ಮುಗಿಯಿತು, ಸಿನಿಮಾ ಎಲ್ಲಿ ಶುರುವಾಯಿತು ಎಂಬುದೇ ನನಗೆ ಮರೆತುಹೋಗಿತ್ತು.

ದೃಶ್ಯ ಶುರುವಾಯಿತು. ಗಂಡನ ಮನೆಯಿಂದ ತವರಿಗೆ ಬಂದ ಹುಡುಗಿ ಅಡುಗೆಮನೆಯಲ್ಲಿ ಕೂತಿದ್ದಾಳೆ. ಎಡಕ್ಕೆ ಮುಖ ಮಾಡಿ ಮಾತಾಡುತ್ತಾಳೆ. ಅಲ್ಲಿ ಯಾರೂ ಇಲ್ಲ! ಬರೀ ಕಂದು ಕತ್ತಲೆ. ಆ ಕತ್ತಲೆಯಿಂದ "ಉಂಡಿಯೇನವ್ವಾ?" ಎಂಬ ದನಿ. ಆಮೇಲೆ ಒಂದು ಕೈ ಮಾತ್ರ ಹೊರಬಂದು, ಮಜ್ಜಿಗೆಯ ಲೋಟ ಇಟ್ಟು, ಮಾಯವಾಗುತ್ತದೆ.

ನನ್ನ ಮೈ ಜುಮ್ಮೆಂದಿತು.

"ತಾಯಿ ಸತ್ತಾಳ್ರೀ!" ಎಂದೆ.

ಚಹಾ ಕುಡಿಯುತ್ತಿದ್ದ ಮನೆಯವರು ಬೆಚ್ಚಿಬಿದ್ದು, "ಯಾರ ತಾಯಿ?" ಎಂದರು.

"ಈ ಹುಡುಗಿ ತಾಯಿ. ದನಿ ಐತಿ, ದೇಹ ಇಲ್ಲ. ಇದು ನೆನಪಿನ ದನಿ."

"ನೆನಪು ಮಜ್ಜಿಗಿ ಕೊಡ್ತೈತೇನು?"

"ನಿಮಗ ಕಲೆ ತಿಳಿಯಂಗಿಲ್ಲ ಬಿಡ್ರಿ."

"ಅಲ್ಲಾ, ಆ ಹಲಗಿ ಹಿಂದ ಒಮ್ಮೆ..."

"ಸುಮ್ನ ಕುಂದರ್ರೀ!"

ಸುಮ್ಮನೆ ಕುಳಿತರು. ನಮ್ಮ ಸಂಸಾರದಲ್ಲಿ ಇದೊಂದು ಒಳ್ಳೆಯ ಪದ್ಧತಿ. ಇವತ್ತು ಅದೇ ಮುಳುವಾಯಿತು.

ಸಿಂಧನೂರಿನ ಸಭೆಯಲ್ಲಿ ಮೊದಲು ದೃಶ್ಯ, ಆಮೇಲೆ ಮಾತು. ಆದರೆ ಇವತ್ತು ಪ್ರೊಜೆಕ್ಟರಿನ ವೈರು ಕೈಕೊಟ್ಟಿತು. "ಇದು ಸರಿ ಆಗೋ ತನಕ ನೀವು ಸುರು ಮಾಡ್ರಿ" ಎಂದರು ಅಮರೇಶ ಸರ್. ಮಾಡಿದೆ.

"ಮಾನ್ಯರೇ, ಈ ದೃಶ್ಯದ ಜೀವಾಳವೇ ಗೈರುಹಾಜರಿ. ನಿರ್ದೇಶಕರು ಚೌಕಟ್ಟಿನ ಎಡಭಾಗವನ್ನು ಬೇಕೆಂದೇ ಕತ್ತಲೆಗೆ ಬಿಟ್ಟಿದ್ದಾರೆ. ಕ್ಯಾಮೆರಾ ಅತ್ತ ಒಮ್ಮೆಯೂ ಹೊರಳುವುದಿಲ್ಲ. ತೀರಿಹೋದ ತಾಯಿಯ ಕಡೆ ಹೊರಳುವ ಧೈರ್ಯ ಯಾರಿಗಿದೆ? ಆ ಕತ್ತಲೆಯ ಬಣ್ಣವನ್ನು ಗಮನಿಸಿ. ಅದು ಕಪ್ಪಲ್ಲ, ಕಂದು. ಮಣ್ಣಿನ ಬಣ್ಣ. ಮಣ್ಣು ಸೇರಿದವಳ ಬಣ್ಣ!"

ಅದು ನಮ್ಮ ಶೋಕೇಸಿನ ವಾರ್ನಿಶ್ ಬಣ್ಣ.

ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದೆ ಯಾರೋ ಮೂಗು ಸುರ್ ಎನಿಸಿದರು. ಅಮರೇಶ ಸರ್ ಮಾತ್ರ ಕೈಯಲ್ಲಿ ವೈರು ಹಿಡಿದು, ಹುಬ್ಬು ಗಂಟುಹಾಕಿ ನನ್ನನ್ನೇ ನೋಡುತ್ತಿದ್ದರು. ನನ್ನ ಆಳ ಅವರಿಗೆ ನಿಲುಕುತ್ತಿಲ್ಲವಲ್ಲ ಎಂದು ಕನಿಕರವಾಯಿತು.

ಚಪ್ಪಾಳೆಯ ನಡುವೆ ಬಂದು ಕೂತೆ. ಆಗ ಪ್ರೊಜೆಕ್ಟರ್ ಸರಿಯಾಯಿತು. ಇವತ್ತೊಂದು ದಿನ ಕೆಟ್ಟೇ ಇದ್ದರೆ ಅದರ ಗಂಟೇನು ಹೋಗುತ್ತಿತ್ತು!

ಗೋಡೆಯ ತುಂಬ ದೃಶ್ಯ ಹರಡಿತು. ಹುಡುಗಿ ಇದ್ದಳು. ಎಡಗಡೆ, ನನ್ನ ಕಂದು ಕತ್ತಲೆ ಇರಬೇಕಾದ ಜಾಗದಲ್ಲಿ, ಗಿಳಿಹಸಿರು ಸೀರೆಯ, ಕೈತುಂಬ ಬಳೆಯ, ದಷ್ಟಪುಷ್ಟ ತಾಯಿ ಕಾಲು ಚಾಚಿ ಕುಳಿತು ಮಜ್ಜಿಗೆ ಕಡೆಯುತ್ತಿದ್ದಳು! "ಉಂಡಿಯೇನವ್ವಾ?" ಎಂದಳು. ಲೋಟ ಕೊಟ್ಟಳು. ಬಾಯಿ ತುಂಬ ನಕ್ಕಳು. ಅವಳ ಮಗ್ಗುಲಿಗೆ ಒಂದು ಬೆಕ್ಕು ಬೇರೆ. ಒಂದು ಗೇಣಿನಲ್ಲಿ ಅಷ್ಟೊಂದು ಸಂಸಾರ!

ಗಿರಿಜಕ್ಕ ಎದ್ದೇ ನಿಂತಳು. "ಅಯ್ಯ ನಮ್ಮವ್ವ! ಸತ್ತಾಕಿ ಎದ್ದು ಕುಂತಾಳಲ್ಲಬೇ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಸಾಲಿನ ಹಿರಿಯರೊಬ್ಬರು ಹಿಂತಿರುಗಿ, "ಮತ್ತೊಮ್ಮೆ ಸಾಯ್ಸಬ್ಯಾಡ್ರೀ ಅಕ್ಕಾರ, ಕೈಯಾಗಿನ ಮಜ್ಜಿಗಿ ಚೆಲ್ಲೀತು!" ಎಂದರು.

ನಾನು ಎದ್ದು ನಿಂತು ಶೋಕೇಸು, ಹಲಗೆ, ವಾರ್ನಿಶ್ ಎಲ್ಲವನ್ನೂ ಒಪ್ಪಿಸಿದೆ.

"ಹಂಗಾರ ನಾ ಸುಮ್ ಸುಮ್ನ ಅತ್ತೆನೇನಬೇ?" ಎಂದು ಗಿರಿಜಕ್ಕ ಕೆರಳಿದಳು. "ನಮ್ಮವ್ವನ ದಿವಸದಾಗೂ ಇಷ್ಟು ಅತ್ತಿದ್ದಿಲ್ಲ. ನಿಮ್ಮ ಹಲಗಿಗೆ ಅತ್ತಂಗಾತು!"

ಅಮರೇಶ ಸರ್ ಕಣ್ಣೊರೆಸಿಕೊಂಡರು. ಅವರದು ನಗುವಿನ ನೀರು. "ನಾ ಚೌಕಟ್ಟು ನೋಡ್ರಿ ಅಂದ್ರ, ನೀವು ನಿಮ್ಮ ಶೋಕೇಸಿನ ಚೌಕಟ್ಟು ನೋಡಿ ಬಂದೀರಿ. ಆದ್ರ ಒಂದು ಮಾತು. ಒಂದು ಹಲಗಿ ಅಡ್ಡ ಬಂದ್ರ ಬದುಕಿದ್ದಾಕಿ ಸಾಯ್ತಾಳ, ಕೇಳಿದವರು ಅಳ್ತಾರ. ಕ್ಯಾಮೆರಾದವ ಏನು ತೋರಿಸ್ತಾನ, ಏನು ಮುಚ್ಚಿಡ್ತಾನ ಅನ್ನೋದರಾಗ ಎಷ್ಟು ಐತಿ ಅಂತ ಇದಕ್ಕಿಂತ ಚಲೋ ಹೇಳಾಕ ಆಗಂಗಿಲ್ಲ."

ಮುಳುಗುವವಳಿಗೆ ಇಷ್ಟು ಸಾಕಾಯಿತು. "ಹಂಗಾರ... ಮಸ್ಕಿಗೆ ಬರ್ತೀರೇನ್ರೀ ಸರ್?" ಎಂದೆ.

ಉತ್ತರ ಬಂದದ್ದು ಮುಂದಿನ ಸಾಲಿನ ಆ ಹಿರಿಯರಿಂದಲೇ. ಮಸ್ಕಿ ಬೇಡವೆಂದು ಮೊದಲಿನಿಂದ ತಕರಾರು ಮಾಡುತ್ತಿದ್ದವರೂ ಅವರೇ ಎಂದು ಆಗ ತಿಳಿಯಿತು. "ಮಸ್ಕಿಗೇ ಮೊದಲು ಹೋಗ್ಬೇಕ್ರೀ! ಪಾಪ, ಅಲ್ಲಿ ಮಂದಿ ಮುಕ್ಕಾಲು ಸಿನಿಮಾ ನೋಡಿ ಜೀವನ ಮಾಡಾಕತ್ತಾರ!"

ಠರಾವು ಅವಿರೋಧವಾಗಿ ಪಾಸಾಯಿತು. ಅರ್ಹತೆಯಿಂದಲ್ಲ, ಅನುಕಂಪದಿಂದ! ಬಸ್ಸಿನಲ್ಲಿ ಗಿರಿಜಕ್ಕ ಇಡೀ ಓಣಿಗೆ ಫೋನು ಮಾಡಿದಳು. ಸಿನಿಮಾ ಬರುವ ಸುದ್ದಿಯನ್ನು ಒಂದು ಸಲ ಹೇಳಿದರೆ ಬೆಕ್ಕಿನ ಸುದ್ದಿಯನ್ನು ಎರಡು ಸಲ ಹೇಳಿದಳು.

ಮನೆಗೆ ಬಂದಾಗ ಮನೆಯವರು ಟಿವಿಯ ಮುಂದಿದ್ದರು. "ಹೆಂಗಾತು?" ಎಂದರು.

"ಮುಂದಿನ ತಿಂಗಳು ನಮ್ಮೂರಿಗೆ ಬರ್ತಾರ."

"ಭಾಷಣ?"

"ನಾಳೆ ಬಡಿಗ್ಯಾರನ್ನ ಕರೀರಿ. ಗರಗಸ ತರಾಕ ಹೇಳ್ರಿ."

ಅವರು ಮುಖವನ್ನು ಆಚೆ ತಿರುಗಿಸಿಕೊಂಡರು. ಭುಜಗಳು ಮಾತ್ರ ಬಹಳ ಹೊತ್ತು ಕುಣಿಯುತ್ತಿದ್ದವು.

ರಾತ್ರಿ ಬೆಳಗಿನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡೆವು. ಮಜ್ಜಿಗೆಯೂ ಇತ್ತು, ನಾನು ಮುಟ್ಟಲಿಲ್ಲ. ಮೊದಲು ಮಲಗಿದವರು ಮನೆಯವರು. ಅಂದರೆ, ನಾನಿರುವ ಕಡೆಯಿಂದ ಕಾಣುವುದು ಅವರ ಬಲಗಣ್ಣು ಮಾತ್ರ, ಅದು ಮುಚ್ಚಿದೆ. ಎಡಗಣ್ಣಿನ ಬಗ್ಗೆ ನಾನು ಏನೂ ಹೇಳುವುದಿಲ್ಲ.