ಮಲಗಿದ್ದ ಕಂಪನಿ, ಮಲಗದ ಪಾರ್ಕಿನ್

ಹೋದ ನವೆಂಬರಿನಲ್ಲಿ ಕ್ಲಿಫರ್ಡ್ ಆರ್ಮೆರಾಡ್ ಅಟ್ಟದಿಂದ ಒಂದು ಹಳೆಯ ಬಟ್ಟೆಯನ್ನು ಇಳಿಸಿ ಮೇಜಿಗೆ ಕಟ್ಟದೆ ಇದ್ದಿದ್ದರೆ ಈ ಕತೆ ಇರುತ್ತಿರಲಿಲ್ಲ. ವಿಲ್ಫ್‌ನ ಬಾಯಲ್ಲಿ ಹಲ್ಲಾದರೂ ಇರುತ್ತಿತ್ತು. ಆದರೆ ಆ ಮಾತು ಆಮೇಲೆ.

ಬಟ್ಟೆಯ ಮೇಲೆ ಕೆಂಪು ಅಕ್ಷರಗಳಲ್ಲಿ 'ಮೇವಿಸ್ ಪಾರ್ಕಿನ್ ಲಿಮಿಟೆಡ್' ಎಂದಿತ್ತು. ಮೇವಿಸ್ ಕ್ಲಿಫ್‌ನ ಹೆಂಡತಿ. ಓಟ್ಸ್ ಹಿಟ್ಟು, ಕಾಕಂಬಿ, ಶುಂಠಿ ಕಲಸಿ ಅವಳು ಬೇಯಿಸುತ್ತಿದ್ದ ಪಾರ್ಕಿನ್ ಎಂಬ ಕೇಕಿಗೆ ನಮ್ಮೂರು ರಾವನ್ಸ್‌ಕ್ಲಫ್‌ನ ಸಂತೆಯಲ್ಲಿ ಜನ ಮಳೆಯಲ್ಲೂ ಸಾಲು ನಿಲ್ಲುತ್ತಿದ್ದರು. ಅವಳು ತೀರಿಕೊಂಡ ಮೇಲೆ ಒಲೆ ಆರಿತು, ಬ್ಯಾಂಕಿನ ಖಾತೆ ಮುಚ್ಚಿತು. ಕಂಪನಿಯನ್ನು ಮಾತ್ರ ಕ್ಲಿಫ್ ಮುಚ್ಚಲಿಲ್ಲ, ವ್ಯಾಪಾರ ನಿಲ್ಲಿಸಿ ಹೆಸರು ಉಳಿಸಿಕೊಂಡು ಮಲಗಿಸಿದ. ಮುಚ್ಚಿದರೆ ಹೆಸರು ಸರ್ಕಾರದ ಪಟ್ಟಿಯಿಂದ ಅಳಿದುಹೋಗುತ್ತದೆ. ಅಳಿದ ಹೆಸರನ್ನು ದಾರಿಯಲ್ಲಿ ಬಿದ್ದ ಛತ್ರಿಯ ಹಾಗೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಳ್ಳಲು ಸಂತೆಬೀದಿಯ ಬೇಕರಿಯ ಡೆರೆಕ್ ಡಕ್‌ವರ್ತ್ ಸೊಂಟ ಬಗ್ಗಿಸಿಕೊಂಡೇ ನಿಂತಿದ್ದ. ಅಂಗಡಿಯ ಹೊಸ ಫಲಕಕ್ಕೆ ಬಣ್ಣವನ್ನೂ ಆರಿಸಿಟ್ಟಿದ್ದಾನೆಂದು ಊರಲ್ಲಿ ಮಾತಿತ್ತು.

ಮಲಗಿದ ಕಂಪನಿಗೆ ಚಾಕರಿ ಇಲ್ಲವೆಂದು ತಿಳಿಯಬಾರದು. ತೊಟ್ಟಿಲ ಕೂಸಿಗಿಂತ ಹೆಚ್ಚು ನೋಡಿಕೊಳ್ಳಬೇಕು. ಪಾಲುದಾರರು ಯಾರು, ನಿರ್ದೇಶಕರು ಯಾರು, ಸಭೆಯಲ್ಲಿ ಏನು ತೀರ್ಮಾನವಾಯಿತು, ಇವೆಲ್ಲದರ ದಾಖಲೆ ಇಟ್ಟುಕೊಂಡಿರಬೇಕು. ವರ್ಷಕ್ಕೊಮ್ಮೆ ಲೆಕ್ಕ ಕಳಿಸಬೇಕು, ಲೆಕ್ಕದ ತುಂಬ ಸೊನ್ನೆಯೇ ಇದ್ದರೂ. ಮುಖ್ಯವಾಗಿ, ಮಲಗಿದೆ ಎಂದು ಬರೆದು ಸಹಿ ಹಾಕಬೇಕಾದರೆ ಆ ವರ್ಷ ಅದರ ಹೆಸರಿನಲ್ಲಿ ಯಾವ ವ್ಯಾಪಾರವೂ ನಡೆದಿರಬಾರದು. ಕುಂಭಕರ್ಣನನ್ನು ಎಬ್ಬಿಸಲು ಆನೆ, ನಗಾರಿ, ಬಂಡಿಗಟ್ಟಲೆ ಅನ್ನ ಬೇಕಾಯಿತಂತೆ. ಕಂಪನಿಗೆ ಒಂದು ಬಿಡಿಗಾಸು ಸಾಕು, ದಿಗ್ಗನೆ ಎದ್ದು ಕೂರುತ್ತದೆ.

ಸೆಪ್ಟೆಂಬರಿನ ಕೊನೆಯ ದಿನ, ಮಂಗಳವಾರ. ಹೋದ ಡಿಸೆಂಬರಿಗೆ ಮುಗಿದ ವರ್ಷದ ಲೆಕ್ಕ ಕಳಿಸಲು ಅದೇ ಕಡೆಯ ದಿನ. ಹೊರಗೆ ಜಿಟಿಜಿಟಿ ಮಳೆ. ಕ್ಲಿಫ್ ಅಡುಗೆಮನೆಯ ಮೇಜಿನ ಮೇಲೆ ಕಂಪನಿಯ ಪುಸ್ತಕಗಳಿದ್ದ ತಗಡಿನ ಡಬ್ಬವನ್ನಿಟ್ಟು ಎರಡು ಲೋಟ ಚಹಾ ಬಗ್ಗಿಸಿದ. ಒಂದು ತನಗೆ, ಇನ್ನೊಂದು ಎದುರಿನ ಖಾಲಿ ಕುರ್ಚಿಗೆ. ಅದು ಕಂಪನಿಯ ವಾರ್ಷಿಕ ಸಭೆ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ. ಸಭೆ ನಡೆಸುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ.

"ಈ ವರ್ಷವೂ ಏನೂ ನಡೀಲಿಲ್ಲ, ಮೇವಿಸ್," ಎಂದು ಗಟ್ಟಿಯಾಗಿಯೇ ಹೇಳಿ ಪೆನ್ನು ತೆಗೆದ.

"ಪಾರ್ಕಿನ್ ಮಾಡಿದ್ಯಲ್ಲ, ಕ್ಲಿಫ್," ಎಂದಿತು ಗೋಡೆ.

ನಮ್ಮ ಬೀದಿಯ ಗೋಡೆಗಳಿಗೆ ಕಿವಿಯೊಂದೇ ಅಲ್ಲ, ಬಾಯಿಯೂ ಉಂಟು. ಪಕ್ಕದ ಮನೆಯ ಎನಿಡ್ ಗ್ರಿಮ್‌ಶಾ ಮರುಕ್ಷಣವೇ ಚಪ್ಪಲಿ ಎಳೆದುಕೊಂಡು ಹಿತ್ತಲ ಬಾಗಿಲಿಂದ ಒಳಬಂದಳು.

"ನವೆಂಬರಲ್ಲಿ, ನನ್ ರಾಜ. ಬೆಂಕಿ ಹಬ್ಬಕ್ಕೆ ಅಂತ ಪ್ರಾರ್ಥನಾಮಂದಿರದ ಅಂಗಳದಲ್ಲಿ ದೊಡ್ಡ ಬೆಂಕಿ ಹಾಕಿದ್ರಲ್ಲ, ಅವತ್ತು. ಮೇಜಿನ ಮುಂದೆ ಮೇವಿಸ್‌ಳ ಬಟ್ಟೆ ಕಟ್ಟಿದ್ದೆ. ನನಗೆ ಕಣ್ಣಲ್ಲಿ ನೀರು ಬಂತು."

"ಅದು ಸುಮ್ನೆ ಅವಳ ನೆನಪಿಗೆ, ಎನಿಡ್."

"ನೆನಪಿಗೇ ಕಣಪ್ಪ. ಆದ್ರೆ ತಿಂದೋರೆಲ್ಲ ಕಾಸು ಹಾಕಿದ್ರಲ್ಲ?"

ಕ್ಲಿಫ್‌ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಎನಿಡ್ ಸುಮ್ಮನಿರುವ ಹೆಂಗಸಲ್ಲ. ಎದುರುಮನೆಯ ನಾರಿಸ್ ಬ್ಯಾಂಬರನನ್ನು ಕೂಗಿ ಕರೆದಳು. ನಾರಿಸ್ ಪುರಸಭೆಯ ಕಂದಾಯ ವಿಭಾಗದಿಂದ ನಿವೃತ್ತನಾದವನು. ನಿವೃತ್ತಿ ಅವನಿಗಾಗಿತ್ತು, ಅವನ ಕನ್ನಡಕಕ್ಕೆ ಆಗಿರಲಿಲ್ಲ. ಕಾಗದ ಎಂದರೆ ಸಾಕು, ಅದು ತಾನಾಗಿ ಮೂಗಿನ ಮೇಲೆ ಬಂದು ಕೂರುತ್ತಿತ್ತು.

"ಎದ್ದಿರೋ ಕಂಪನೀನ ಮಲಗಿದೆ ಅಂತ ಬರೆದ್ರೆ ಅಪರಾಧ, ನೋಡಪ್ಪ," ಎಂದ ನಾರಿಸ್, ಸಂತೋಷವನ್ನು ಅದುಮಿಕೊಂಡು. "ಎದ್ದಿದೆ ಅಂದ್ರೆ ಪೂರ್ತಿ ಲೆಕ್ಕ ಬೇಕು. ಸಂಜೆ ಒಳಗೆ ಆಗತ್ತಾ?"

"ಆಗ್ದೇ ಇದ್ರೆ?"

"ದಂಡ. ಆಮೇಲೆ ನೋಟೀಸು. ಆಮೇಲೆ ಹೆಸರು ಹೊಡೆದು ಹಾಕ್ತಾರೆ."

"ಆಮೇಲೆ ಡಕ್‌ವರ್ತ್," ಎಂದಳು ಎನಿಡ್.

ಕ್ಲಿಫ್ ಖಾಲಿ ಕುರ್ಚಿಯ ಕಡೆ ನೋಡಿದ. ಡಕ್‌ವರ್ತನ ಗಾಜಿನ ಬಾಗಿಲ ಮೇಲೆ, ಮಾಂಸದ ಪೈಗಳ ನೆತ್ತಿಯ ಮೇಲೆ, ಮೇವಿಸ್‌ಳ ಹೆಸರು. ಕಣ್ಣಿಗೆ ಕಟ್ಟಿದಂತಾಯಿತು.

ನಾರಿಸ್ ಕುರ್ಚಿ ಎಳೆದುಕೊಂಡು ವಿಚಾರಣೆ ಶುರುಮಾಡಿದ. "ಕಾಸು ಎಲ್ಲಿಗೆ ಹೋಯ್ತು?"

"ಪ್ರಾರ್ಥನಾಮಂದಿರದ ಸೂರು ರಿಪೇರಿ ಡಬ್ಬಕ್ಕೆ. ನಾನು ಮುಟ್ಟಲಿಲ್ಲ."

"ಒಳ್ಳೇದು. ಪಾರ್ಕಿನ್ ಮಾಡಿದ್ದು ಯಾರು? ನೀನೋ, ಕಂಪನಿಯೋ?"

"ಒಲೆ ಮುಂದೆ ನಾನೊಬ್ನೇ ಇದ್ದಿದ್ದು."

"ನಿರ್ದೇಶಕನಾಗಿ ಮಾಡಿದ್ಯೋ, ಮನುಷ್ಯನಾಗಿ ಮಾಡಿದ್ಯೋ?"

ಕ್ಲಿಫ್ ಒಲೆಯ ಕಡೆ ತಿರುಗಿ ನೋಡಿದ. "ಏಪ್ರನ್ ಹಾಕ್ಕೊಂಡು ಮಾಡ್ದೆ," ಎಂದ.

"ಹಾಗಿದ್ರೆ ದಾರಿ ಇದೆ. ಬಟ್ಟೆ ಕಂಪನೀದು, ಪಾರ್ಕಿನ್ ನಿಂದು. ತಿಂದೋರೇ ಅದನ್ನ ಹೇಳಿ ಸಹಿ ಹಾಕ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ದಾಖಲೆ ಇರತ್ತೆ." ನಾರಿಸ್ ದುಂಡಾದ ಅಕ್ಷರದಲ್ಲಿ ಬರೆದ: 'ಅಂದು ನಾವು ತಿಂದದ್ದು ಕ್ಲಿಫರ್ಡ್ ಆರ್ಮೆರಾಡ್ ಅವರು ತಮ್ಮ ಸ್ವಂತ ಇಚ್ಛೆಯಿಂದ, ಸ್ವಂತ ಖರ್ಚಿನಿಂದ, ಸ್ವಂತ ಹೊಣೆಯ ಮೇಲೆ ಮಾಡಿದ ತಿಂಡಿ. ಅದು ಮೇವಿಸ್ ಪಾರ್ಕಿನ್ ಅಲ್ಲ.'

ಎನಿಡ್ ಪೆನ್ನು ಕಿತ್ತುಕೊಂಡಳು. "ಕಣ್ಣು ಮುಚ್ಕೊಂಡು ಸಹಿ ಹಾಕ್ತೀನಿ. ಕ್ಲಿಫ್, ಬೇಜಾರು ಮಾಡ್ಕೋಬೇಡ, ನನ್ ರಾಜ. ನನ್ನ ಪಾಲಿನದು ಇನ್ನೂ ಹಿತ್ತಲ ಬಾಗಿಲಿಗೆ ಕಲ್ಲಿನ ಬದಲು ಒತ್ತು ಕೊಟ್ಟಿದೆ."

"ಚೆನ್ನಾಗಿದೆ ಅಂದಿದ್ಯಲ್ಲ ಅವತ್ತು."

"ಹೆಂಡತಿ ಕಳ್ಕೊಂಡೋನಿಗೆ ಇನ್ನೇನು ಹೇಳ್ತಾರೆ? ಯಾವತ್ತು ಬೇಯಿಸಿದ್ದೆ ಅದನ್ನ?"

"ಅವತ್ತು ಬೆಳಿಗ್ಗೇನೇ."

"ಅದೇ ಮತ್ತೆ. ಪಾರ್ಕಿನ್ ಡಬ್ಬದಲ್ಲಿ ಒಂದು ವಾರ ಮಲಗ್ಬೇಕು, ಆಗ ಮೆತ್ತಗಾಗತ್ತೆ. ಮೇವಿಸ್ ಅದನ್ನ ಬಾಣಂತಿ ಥರ ಮಲಗಿಸ್ತಿದ್ಲು. ನೀನು ಕಂಪನಿ ಮಲಗಿಸೋದು ಕಲ್ತೆ, ಪಾರ್ಕಿನ್ ಮಲಗಿಸೋದು ಕಲೀಲಿಲ್ಲ."

ಮೂವರೂ ಎರಡು ಛತ್ರಿಗಳಡಿ ಬೀದಿಗಿಳಿದರು. ಮುಂದೆ ನಡೆದದ್ದು ಕ್ಲಿಫ್‌ನ ಬಾಳಿನಲ್ಲೇ ವಿಚಿತ್ರವಾದ ಮೆರವಣಿಗೆ. ಮನೆಮನೆಯ ಬಾಗಿಲು ತಟ್ಟಿ, ತನ್ನ ಅಡುಗೆಯನ್ನು ಬಯ್ಯಿಸಿಕೊಂಡು, ಬೈದವರಿಗೆ ಕೈಮುಗಿದು ಉಪಕಾರವಾಯಿತೆಂದು ಹೇಳಿ ಬರಬೇಕಿತ್ತು. ಒಬ್ಬಳು ತನ್ನ ನಾಯಿ ಅದನ್ನು ಹೂತಿಟ್ಟು ಬಂದು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲವೆಂದಳು. ಇನ್ನೊಬ್ಬ, ಸೂರಿನ ರಿಪೇರಿಗೆ ಕಾಸಿನ ಬದಲು ಪಾರ್ಕಿನ್ನನ್ನೇ ಹೊದಿಸಿದ್ದರೆ ನೂರು ವರ್ಷ ಸೋರುತ್ತಿರಲಿಲ್ಲ ಎಂದ. ಪ್ರತಿ ಮಾತಿಗೂ ಕ್ಲಿಫ್‌ನ ಮುಖ ಇಳಿಯುತ್ತಿತ್ತು, ಎದೆ ಹಗುರವಾಗುತ್ತಿತ್ತು.

ಬೀದಿಯ ಕೊನೆಯಲ್ಲಿ ವಿಲ್ಫ್ ಹೋಲ್ಡನ್‌ನ ಮನೆ. ಕ್ಲಿಫ್‌ನ ಹಳೆಯ ಬಸ್ಸಿನ ಕಂಡಕ್ಟರು. ಹೋದ ಚಳಿಗಾಲದಿಂದ ವಿಲ್ಫ್‌ನ ಬಾಯಲ್ಲಿ ಸಕಾರವೆಲ್ಲ ಫಕಾರವಾಗಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ವಯಸ್ಸಾದವರ ಬಾಯಿಯ ವಿಚಾರ ಕೆದಕುವುದು ನಮ್ಮಲ್ಲಿ ಮರ್ಯಾದೆಯಲ್ಲ.

"ಫಹಿ ತಾನೆ, ಹಾಕ್ತೀನಿ," ಎಂದ ವಿಲ್ಫ್. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ. ಒಂದು ಕಡೆ ಬೆರಳು ನಿಂತಿತು. "ಫ್ವಂತ ಹೊಣೆ," ಎಂದು ತನ್ನಷ್ಟಕ್ಕೇ ಅಂದುಕೊಂಡ. ಕ್ಲಿಫ್‌ನ ಮುಖ ನೋಡಿದ. ಮತ್ತೆ ಕಾಗದ ನೋಡಿದ. "ನಾರಿಫ್, ಇದರದೊಂದು ನಕಲು ನನಗೂ ಕೊಡ್ತೀಯಾ?"

"ನೋಡಿ ಕಲ್ತುಕೊಳ್ಳಿ," ಎಂದ ನಾರಿಸ್ ಉಳಿದಿಬ್ಬರಿಗೆ. "ದಾಖಲೆ ಅಂದ್ರೆ ಹೀಗಿರ್ಬೇಕು ಶ್ರದ್ಧೆ." ಅಲ್ಲೇ ಮಂಡಿಯ ಮೇಲಿಟ್ಟು ನಕಲು ಬರೆದುಕೊಟ್ಟ.

ಅವತ್ತು ತಿಂದವರಲ್ಲಿ ಸಹಿ ಹಾಕಲು ಉಳಿದವನು ಡಕ್‌ವರ್ತ್ ಒಬ್ಬನೇ. ಬೇಕರಿಯ ಬಾಗಿಲು ತೆಗೆದಾಗ ಅಂಗಡಿ ತುಂಬ ಗಿರಾಕಿಗಳು.

"ಏನ್ ಕ್ಲಿಫ್, ಕಂಪನಿ ಎದ್ದಿದೆಯಂತೆ," ಎಂದ ಡಕ್‌ವರ್ತ್ ಇಕ್ಕಳ ಕೆಳಗಿಟ್ಟು. ಸುದ್ದಿ ಛತ್ರಿಗಿಂತ ಮುಂದೆ ಬಂದಿತ್ತು. "ನಾನಂತೂ ಸಹಿ ಹಾಕಲ್ಲಪ್ಪ. ಮೇವಿಸ್‌ಳ ಬಟ್ಟೆ ಕಟ್ಟಿತ್ತು, ಕಾಸು ಹಾಕ್ದೆ, ಮೇವಿಸ್ ಪಾರ್ಕಿನ್ ತಿಂದೆ. ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ."

ನಾರಿಸ್‌ನ ಕನ್ನಡಕ ಜಾರಿತು. ಕ್ಲಿಫ್ ತಲೆ ತಗ್ಗಿಸಿ ತನ್ನ ಒದ್ದೆ ಬೂಟು ನೋಡತೊಡಗಿದ.

ಎನಿಡ್ ಮಾತ್ರ ಗಲ್ಲಾದ ಮೇಲೆ ಮೊಣಕೈ ಊರಿದಳು. "ಸರಿ ಡೆರೆಕ್. ಹಾಗಾದ್ರೆ ಇಲ್ಲಿರೋರೆಲ್ಲರ ಮುಂದೆ ಹೇಳು. ಮೇವಿಸ್ ಪಾರ್ಕಿನ್ ಅಂದ್ರೆ ಅವತ್ತು ತಿಂದ್ಯಲ್ಲ, ಅದೇ ತಾನೆ?"

"ಅದೇ."

"ಆ ಹೆಸರು ನಿನ್ನ ಅಂಗಡಿ ಮೇಲೆ ಬಂದ್ರೆ ಒಳಗೆ ಅದೇ ಸಿಗತ್ತೆ ತಾನೆ? ಆ ಗಟ್ಟಿ, ಆ ಬಣ್ಣ, ಆ ಕರಕಲು ತಳ?"

ಗಿರಾಕಿಗಳ ಸಾಲಿನಲ್ಲಿ ಗುಸುಗುಸು ಎದ್ದಿತು. ಆ ದಿನ ತಿಂದು ಆಗಲೇ ಸಹಿ ಹಾಕಿದ್ದವರು ಅಲ್ಲಿಯೂ ಇದ್ದರು. ಒಬ್ಬಳು ಚೀಲದೊಳಗಿನ ಕೇಕಿನ ಕಡೆ ಅನುಮಾನದಿಂದ ಇಣುಕಿದಳು. ಡಕ್‌ವರ್ತನ ಕಿವಿ ಕೆಂಪಾಯಿತು. ಆಸೆಬುರುಕನಾದರೂ ಅವನು ಮೂರು ತಲೆಮಾರಿನ ಬೇಕರಿಯವನು.

"ಅದು ಪಾರ್ಕಿನ್ನೇ ಅಲ್ಲ," ಎಂದ. "ಅದು ಸೂರಿಗೆ ಹೊದಿಸೋ ಕಲ್ಲು. ಮೇವಿಸ್‌ಳ ಕೈಯಿಂದ ಅಂಥದ್ದು ಬರ್ತಿತ್ತು ಅಂದ್ರೆ ನಾನೇ ಒಪ್ಪಲ್ಲ."

"ಹಾಗಿದ್ರೆ ಇಲ್ಲಿ ಸಹಿ ಹಾಕು," ಎಂದಳು ಎನಿಡ್, ಕಾಗದವನ್ನು ಬನ್ನಿನ ತಟ್ಟೆಯ ಮೇಲೆ ಚಾಚಿ.

ಗ್ರಂಥಾಲಯ ಮುಚ್ಚುವ ಹೊತ್ತಿಗೆ ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು ಕ್ಲಿಫ್ ಸೊನ್ನೆಗಳನ್ನೆಲ್ಲ ತುಂಬಿದ. 'ಈ ವರ್ಷ ಕಂಪನಿ ಮಲಗಿತ್ತು' ಎಂಬಲ್ಲಿ ಗುರುತು ಹಾಕಿ, ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ. ತಲುಪಿತೆಂದು ಪರದೆ ಹೇಳಿತು. ವರ್ಷಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು.

"ಮುಂದಿನ ವಾರ ನಿಮ್ಮಿಬ್ಬರ್ನೂ ಬ್ಲ್ಯಾಕ್‌ಪೂಲಿಗೆ ಕರ್ಕೊಂಡು ಹೋಗ್ತೀನಿ. ಸಮುದ್ರದ ದಂಡೆ ಉದ್ದಕ್ಕೂ ಹಚ್ಚೋ ದೀಪ ನೋಡ್ಕೊಂಡು ಬರೋಣ. ಅದಕ್ಕೇ ಅಂತ ಒಂದಿಷ್ಟು ಕೂಡಿಟ್ಟಿದ್ದೀನಿ," ಎಂದ ಎನಿಡ್, ನಾರಿಸ್ ಕಡೆ ತಿರುಗಿ.

ಮೂವರೂ ಕ್ಲಿಫ್‌ನ ಮನೆಗೆ ಬಂದು ಚಹಾ ಕಾಯಿಸುವಷ್ಟರಲ್ಲಿ ಹಿತ್ತಲ ಬಾಗಿಲು ಮೆಲ್ಲನೆ ತಟ್ಟಿದ ಸದ್ದಾಯಿತು. ವಿಲ್ಫ್. ಕೈಯಲ್ಲಿ ಗಂಟು ಕಟ್ಟಿದ ಕರವಸ್ತ್ರ.

"ಕಳಿಫಿದ್ಯಾ, ಕ್ಲಿಫ್?"

"ಕಳಿಸ್ದೆ. ಇನ್ನೊಂದು ವರ್ಷ ನಿಶ್ಚಿಂತೆ."

"ಫಂತೋಫ," ಎಂದ ವಿಲ್ಫ್. ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಮೇಲಿನ ಸಾಲಿನ ಕಟ್ಟುಹಲ್ಲು, ಎರಡು ಹೋಳಾಗಿ. ಒಂದು ಹೋಳಿನ ಬಾಯಲ್ಲಿ ಕಂದುಬಣ್ಣದ ಚೂರೊಂದು ಇನ್ನೂ ಕಚ್ಚಿಕೊಂಡಿತ್ತು, ಗರುಡನ ಕೊಕ್ಕಿನ ಸರ್ಪದಂತೆ.

ಆ ಬಣ್ಣ ಎಲ್ಲರಿಗೂ ಗೊತ್ತಿತ್ತು.

"ಅವತ್ತೇ?" ಎಂದ ಕ್ಲಿಫ್.

"ಮೊದಲ್ನೇ ಕಡಿತಕ್ಕೇ."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ, ಪುಣ್ಯಾತ್ಮ?"

"ಕಂಪನಿ ಪಾರ್ಕಿನ್ ಅಂದ್ಕೊಂಡಿದ್ದೆ. ಲಿಮಿಟೆಡ್ ಅಂತ ಬರ್ದಿತ್ತಲ್ಲ. ಕಂಪನಿ ತಪ್ಪು ಮಾಡಿದ್ರೆ ಕಂಪನೀನೇ ಕೇಳ್ಬೇಕು, ಮನೆಯವ್ರನ್ನ ಕೇಳೋ ಹಾಗಿಲ್ಲ ಅಂತ ನನ್ನ ಅಳಿಯ ಹೇಳ್ದ. ಮಲಗಿರೋ ಕಂಪನಿ ಹತ್ರ ಏನಿರತ್ತೆ? ಅದೂ ಅಲ್ದೆ ಮೇವಿಫ್ ಹೆಫ್ರು. ನನ್ ಮದ್ವೆ ಕೇಕು ಮಾಡಿದ್ದು ಅವಳು. ಫತ್ತವಳ ಹೆಫರಿಗೆ ಹಲ್ಲಿನ ಬಿಲ್ಲು ಕಳ್ಫೋಕೆ ಮನಫು ಬರ್ಲಿಲ್ಲ ಕಣೋ. ಗಂಜಿ ಕುಡ್ಕೊಂಡು ಫುಮ್ನಿದ್ದೆ." ಜೇಬಿನಿಂದ ನಾರಿಸ್ ಬರೆದುಕೊಟ್ಟ ನಕಲು ತೆಗೆದು ಹಲ್ಲಿನ ಪಕ್ಕ ನೀಟಾಗಿ ಹರಡಿದ. "ಇವತ್ತು ಓದಿದ್ನಲ್ಲ. ಮೇವಿಫ್‌ದಲ್ಲವಂತೆ. ನಿನ್ನ ಫ್ವಂತ ಹೊಣೆಯಂತೆ. ಇಡೀ ಬೀದಿ ಫಹಿ ಹಾಕಿದೆ. ಗಟ್ಟಿ ಇತ್ತು ಅನ್ನೋದಕ್ಕೂ ಫಾಕ್ಷಿ ಇದೆ."

ಎಲ್ಲರೂ ನಾರಿಸ್ ಕಡೆ ತಿರುಗಿದರು. ನಾರಿಸ್ ಕನ್ನಡಕ ತೆಗೆದು ಒರೆಸಿದ.

"ಲಿಮಿಟೆಡ್ ಅಂದ್ರೆ ಅದೇ ಕಣಪ್ಪ. ಕಂಪನಿ ಮಾಡಿದ್ದು ಕಂಪನಿ ತನಕ. ನೀನು ಮಾಡಿದ್ದು ನಿನ್ ತನಕ. ಕಾಗದ ಚೆನ್ನಾಗೇ ಬರ್ದಿದ್ದೀನಿ, ಸಂದಿ ಇಲ್ಲ." ಕನ್ನಡಕವನ್ನು ಮತ್ತೆ ಮೂಗಿಗೇರಿಸಿ, "ಬೇಕಾದ್ರೆ ಅದು ಕಂಪನಿ ಪಾರ್ಕಿನ್ನೇ ಆಗಿತ್ತು ಅಂತ ಈಗ್ಲೂ ಹೇಳ್ಬಹುದು. ಹಲ್ಲಿನ ಹೊಣೆ ತಪ್ಪತ್ತೇನೋ. ಆದ್ರೆ ಕಂಪನಿ ಎದ್ದು ಕೂತ್ಕೊಳತ್ತೆ," ಎಂದ.

ಕ್ಲಿಫ್ ಎದುರಿನ ಕುರ್ಚಿಯನ್ನು ನೋಡಿದ. ಬೆಳಿಗ್ಗೆ ಬಗ್ಗಿಸಿದ ಚಹಾ ಕೆನೆಗಟ್ಟಿ ಹಾಗೇ ಇತ್ತು.

"ಬೇಡ," ಎಂದ ಮೆಲ್ಲಗೆ. "ಮಲಗಿರ್ಲಿ ಬಿಡು."

ಮೇಲಟ್ಟದ ಗೂಡಿನಿಂದ ಕೂಡಿಟ್ಟ ಹಣದ ಲಕೋಟೆ ತಂದು ವಿಲ್ಫ್‌ನ ಕೈಗಿಟ್ಟ. ವಿಲ್ಫ್ ಸಂಕೋಚದಿಂದಲೇ ತೆಗೆದುಕೊಂಡ. ಸಂಕೋಚದಿಂದಲೇ, ಕೆಳಗಿನ ಸಾಲೂ ಅಂದಿನಿಂದ ಸ್ವಲ್ಪ ಅಲ್ಲಾಡುತ್ತಿದೆ ಎಂದ.

"ಬ್ಲ್ಯಾಕ್‌ಪೂಲಿನ ದೀಪ?" ಎಂದಳು ಎನಿಡ್.

"ಇನ್ಮೇಲೆ ವಿಲ್ಫ್ ನಕ್ಕಾಗ ನೋಡ್ಕೋ," ಎಂದ ಕ್ಲಿಫ್.

ಎಲ್ಲರೂ ಹೋದ ಮೇಲೆ ಕ್ಲಿಫ್ ತಣ್ಣಗಾದ ಲೋಟವನ್ನು ತೊಳೆದಿಟ್ಟು, ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಸಭೆಯನ್ನು ಮುಗಿಸಲು ಕೂತ. ನಿಯಮದಂತೆ ಬರೆದ: 'ಈ ವರ್ಷ ಕಂಪನಿಗೆ ಏನೂ ಆಗಲಿಲ್ಲ.' ಸಹಿ ಹಾಕಿ ಡಬ್ಬ ಮುಚ್ಚಹೋದವನು, ಮೇವಿಸ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಾರಣ, ಕೆಳಗೆ ಇನ್ನೊಂದು ಸಾಲು ಸೇರಿಸಿದ: 'ಆದದ್ದೆಲ್ಲ ನಿರ್ದೇಶಕನಿಗೆ.'